ಭಾನುವಾರ ಕೇಳಿದ ಶುಭಸಂದೇಶ ಅಡಿಕೆ ಗೋದಾಮಿನಲ್ಲಿ ನಡೆಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಗೋದಾಮಿನ ಉಸ್ತುವಾರಿ ನನ್ನದು. ಬೇಳ ಇಗರ್ಜಿಯಲ್ಲಿ ಭಾನುವಾರ ಕೇಳಿದ್ದು ಸೋಮವಾರ ಕೆಲಸಕ್ಕೆ ಬರಬೇಕು, ಅಲ್ವಾ?

ಮೊದಲು, ತಪ್ಪು ತಿದ್ದುವ ರೀತಿ. ಸಹೋದರ ತಪ್ಪು ಮಾಡಿದರೆ ನೀವಿಬ್ಬರೇ ಇರುವಾಗ ತಿಳಿಸು ಅಂತಾರೆ ಯೇಸುಸ್ವಾಮಿ (ಮತ್ತಾಯ 18:15). ಹಾಗಾಗಿ ವಾಟ್ಸಾಪ್ ಗ್ರೂಪಿನಲ್ಲಿ ಯಾರನ್ನೂ ಬೈಯಬೇಡಿ. ನಮ್ಮಲ್ಲಿ ಒಬ್ಬರು ಪಟೋರವನ್ನು (ಒಡಕು ಅಡಿಕೆ) ಒಳ್ಳೆ ಚಾಲಿಯ (ಒಣಗಿಸಿ ಸುಲಿದ ಅಡಿಕೆ) ಚೀಲಕ್ಕೆ ಹಾಕುತ್ತಿದ್ದರು. ತಕ್ಕಡಿಯ ಹಿಂದೆ ಕರೆದು, ಒಂದು ಹಿಡಿ ಅಡಿಕೆ ಬೆಳಕಿಗೆ ಹಿಡಿದು, "ಅಕ್ಕಾ, ಈ ಒಡಕು ನೋಡಿ" ಅಂದೆ. "ಸಂಜೆ ಆ ಮೂಲೆಯಲ್ಲಿ ಏನೂ ಕಾಣುವುದಿಲ್ಲ" ಅಂದರು. ಮರುದಿನ ಅಲ್ಲಿಗೆ ಟ್ಯೂಬ್‌ಲೈಟ್ ಹಾಕಿಸಿದೆ. ನಾಲ್ಕು ಜನರ ಮುಂದೆ ಗದರಿದ್ದರೆ ಈ ಮಾತು ಹೊರಗೆ ಬರುತ್ತಲೇ ಇರಲಿಲ್ಲ. ತುಳುವೋ ಮಲಯಾಳವೋ, ಅವರಿಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ.

ಕೂಲಿ ತಡ ಮಾಡಬೇಡಿ. ಹೊತ್ತು ಮುಳುಗುವ ಮೊದಲು ಕೊಡು ಅಂತ ಬೈಬಲಿನ ಧರ್ಮೋಪದೇಶಕಾಂಡ 24:15 ಹೇಳುತ್ತದೆ. ವಾರದ ಬಟವಾಡೆ ಆದರೆ, ಶನಿವಾರ ಅವರು ಬಸ್ಸಿಗೆ ಹೊರಡುವ ಮೊದಲೇ ಕೈಗೆ ಸೇರಲಿ. ವ್ಯಾಪಾರಿ ದುಡ್ಡು ಕೊಟ್ಟಿಲ್ಲ ಅನ್ನುವುದು ನಮ್ಮ ತಲೆನೋವು, ಅವರದ್ದಲ್ಲ.

ದೊಡ್ಡವನಾಗಬೇಕಾದವನು ಸೇವಕನಾಗಲಿ ಅನ್ನುತ್ತದೆ ಮಾರ್ಕ 10:43. ಲಾರಿ ಬಂದಾಗ ನೀವೂ ಚೀಲಕ್ಕೆ ಕೈ ಹಾಕಿ.

ಪ್ರಾರ್ಥನೆಯನ್ನು ಮಾತ್ರ ಯಾರ ಮೇಲೂ ಹೇರಬೇಡಿ. ಎಲ್ಲ ಧರ್ಮದವರೂ ನಮ್ಮಲ್ಲಿದ್ದಾರೆ. ನಾನು ಶಟರ್ ಎತ್ತುವ ಮೊದಲು ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಜನ ಜಾಸ್ತಿ ಇದ್ದರೆ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ.