ಕಾಸರಗೋಡಿನ ರಸ್ತೆಗೆ ರೋಡ್ ಸೈಕಲ್: ಬ್ರೇಕು ಮತ್ತು ಫ್ರೇಮ್ ಆರಿಸುವ ಬಗೆ

ರೋಡ್ ಸೈಕಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ತೂಕ ಎಷ್ಟು, ಗೇರ್ ಎಷ್ಟು ಎಂದು ಮೊದಲು ವಿಚಾರಿಸುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಒಂದು ಕಡೆ ಕಡಲು ಮತ್ತೊಂದು ಕಡೆ ಘಟ್ಟದ ತಪ್ಪಲು ಇರುವ ಕಾಸರಗೋಡಿನಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಬ್ರೇಕು. ಅದು ನಿಶ್ಚಯವಾದರೆ ಫ್ರೇಮಿನ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಚಕ್ರದ ಅಂಚನ್ನೇ (ರಿಮ್) ಒತ್ತಿ ಹಿಡಿಯುವ ರಿಮ್ ಬ್ರೇಕಿಗೆಂದು ಮಾಡಿದ ಫ್ರೇಮಿಗೆ ಮುಂದೆಂದಾದರೂ ಚಕ್ರದ ನಡುವಿನ ಬಿಲ್ಲೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಹಾಕಿಸಿಕೊಳ್ಳೋಣ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಪ್ಯಾಡುಗಳನ್ನು ಒತ್ತುವ ಡಿಸ್ಕ್ ಕ್ಯಾಲಿಪರ್ ಕೂರುವ ಆಧಾರವು ಫ್ರೇಮಿನಲ್ಲೂ ಮುಂಚಕ್ರ ಹಿಡಿಯುವ ಫೋರ್ಕಿನಲ್ಲೂ ತಯಾರಿಕೆಯಲ್ಲೇ ಇರಬೇಕು. ಚಕ್ರದ ನಡುವಿನ ಹಬ್ಬಿನ ಅಗಲವೂ ಬೇರೆ: ರಿಮ್ ಬ್ರೇಕಿನ ರೋಡ್ ಸೈಕಲಿನ ಹಿಂದಿನ ಹಬ್ 130 ಮಿ.ಮೀ. ಇದ್ದರೆ, ಈಗಿನ ಡಿಸ್ಕ್ ಸೈಕಲುಗಳಲ್ಲಿ ಅದು ಹೆಚ್ಚಾಗಿ 142 ಮಿ.ಮೀ.

ರಿಮ್ ಬ್ರೇಕು ಹಗುರ, ಸರಳ, ಅಗ್ಗ. ಯಾವ ಪೇಟೆಯ ಸೈಕಲ್ ಅಂಗಡಿಯಲ್ಲೂ ರಿಪೇರಿಯಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಸಮತಟ್ಟಿನಲ್ಲಿ, ಮಳೆಗಾಲ ಕಳೆದ ಮೇಲೆ ಮಾತ್ರ ಸವಾರಿ ಮಾಡುವವರಿಗೆ ಇದು ಧಾರಾಳ ಸಾಕು. ತೊಂದರೆಯಿರುವುದು ಮಳೆಯಲ್ಲಿ. ಒದ್ದೆಯಾದ ರಿಮ್ಮಿನ ಮೇಲೆ ಪ್ಯಾಡ್ ಮೊದಲು ನೀರನ್ನು ಒರೆಸಬೇಕು, ಆಮೇಲಷ್ಟೇ ಹಿಡಿತ ಸಿಗುತ್ತದೆ. ಅಷ್ಟರಲ್ಲಿ ಚಕ್ರ ಒಂದೆರಡು ಸುತ್ತು ಉರುಳಿರುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ನಮ್ಮ ಮುರಕಲ್ಲಿನ ಕೆಂಪು ಮಣ್ಣು. ಬದಿಯಡ್ಕ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ಮಳೆನೀರಿನೊಂದಿಗೆ ಹರಿದು ಬರುವ ಗರಸು ಪ್ಯಾಡಿನ ರಬ್ಬರಿನಲ್ಲಿ ಕಚ್ಚಿಕೊಂಡು, ಬ್ರೇಕು ಹಿಡಿದಾಗಲೆಲ್ಲ ಅಲ್ಯೂಮಿನಿಯಂ ರಿಮ್ಮನ್ನು ಅರದಂತೆ ತಿನ್ನುತ್ತದೆ. ಪ್ಯಾಡ್ ಬಿಚ್ಚಿ ಬೆಳಕಿಗೆ ಹಿಡಿದರೆ ಕಪ್ಪು ರಬ್ಬರಿನ ನಡುವೆ ಬೆಳ್ಳಿಯ ಚೂರುಗಳಂತೆ ಹೊಳೆಯುವುದು ರಿಮ್ಮಿನ ಲೋಹವೇ. ಅವನ್ನು ಸೂಜಿಯಿಂದ ಕಿತ್ತು, ಪ್ಯಾಡಿನ ಮುಖವನ್ನು ಮರಳುಕಾಗದದಿಂದ ಉಜ್ಜಬೇಕು. ರಿಮ್ಮಿನ ಬದಿಯಲ್ಲಿ ಸವೆತ ತೋರಿಸುವ ಸಣ್ಣ ಕುಳಿಯೋ ಗೀರೋ ಇದ್ದು ಅದು ಮಾಸಿಹೋಗಿದ್ದರೆ, ಆ ರಿಮ್ಮನ್ನು ಮತ್ತೆ ಬಳಸಬಾರದು.

ಡಿಸ್ಕ್ ಬ್ರೇಕಿನಲ್ಲಿ ಹಿಡಿತ ನಡೆಯುವುದು ಹಬ್ಬಿನ ಬಳಿಯ ಉಕ್ಕಿನ ಬಿಲ್ಲೆಯ ಮೇಲೆ. ರಸ್ತೆಯ ಕೆಸರು ಅಲ್ಲಿಗೆ ಕಡಿಮೆ ತಲುಪುತ್ತದೆ, ಬ್ರೇಕಿನಿಂದ ರಿಮ್ ಸವೆಯುವುದಿಲ್ಲ, ಟಯರು ಬಿಸಿಯಾಗುವುದಿಲ್ಲ. ರಾಣಿಪುರದಿಂದ ಪನತ್ತಡಿಯ ಕಡೆಗೆ ಇಳಿಯುವಂಥ ತಿರುವಿನ ರಸ್ತೆಗಳಲ್ಲಿ ಈ ಗುಣಕ್ಕೆ ನಿಜವಾದ ಬೆಲೆಯಿದೆ. ಕೇಬಲ್ ಎಳೆಯುವ ಡಿಸ್ಕನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು. ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಒಂದೇ ಬೆರಳಿಗೆ ಮಣಿಯುತ್ತದೆ, ಆದರೆ ಕಾಲಕಾಲಕ್ಕೆ ಅದರ ಗಾಳಿ ತೆಗೆದು ಎಣ್ಣೆ ಬದಲಿಸಬೇಕು. ಆ ಕೆಲಸ ಬಲ್ಲವರು ಹತ್ತಿರ ಇಲ್ಲದಿದ್ದರೆ ಕೇಬಲ್ ಡಿಸ್ಕೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಬಿಲ್ಲೆ ಮುಂದೆ 160 ಮಿ.ಮೀ. ಇರಲಿ, ಹಿಂದೆ 140 ಇದ್ದರೂ ಸಾಕು. ಚೈನಿಗೆ ಎಣ್ಣೆ ಹಾಕುವಾಗ ಒಂದು ಹನಿ ಬಿಲ್ಲೆಗೆ ತಾಗಿದರೂ ಪ್ಯಾಡ್ ಹಿಡಿತ ಕಳೆದುಕೊಂಡು ಕಿರುಚಲು ಶುರುವಾಗುತ್ತದೆ, ಆದ್ದರಿಂದ ಸ್ಪ್ರೇ ಎಣ್ಣೆಯನ್ನು ಹತ್ತಿರ ತರಲೇಬಾರದು.

ಇನ್ನು ಫ್ರೇಮ್. ರೇಸಿನ ಫ್ರೇಮಿನಲ್ಲಿ ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿರುತ್ತದೆ. ಸವಾರ ಬಾಗಿ ಕುಳಿತು ಗಾಳಿಯನ್ನು ಸೀಳಬಹುದು, ಆದರೆ ಗುಂಡಿಗಳ ರಸ್ತೆಯಲ್ಲಿ ಸೊಂಟ, ಕುತ್ತಿಗೆ ಬೇಗ ಸೋಲುತ್ತವೆ. ದೂರ ಸವಾರಿಗೆಂದು ಮಾಡಿದ ಎಂಡ್ಯೂರೆನ್ಸ್ ಫ್ರೇಮಿನಲ್ಲಿ ಮುಂಭಾಗ ಎತ್ತರ, ಚಕ್ರಗಳ ನಡುವಿನ ಅಂತರ ಹೆಚ್ಚು, ಹಾಗಾಗಿ ಇಳಿಜಾರಿನಲ್ಲಿ ಸೈಕಲ್ ತಡಬಡಿಸುವುದಿಲ್ಲ. ನಮ್ಮ ಕಡೆಗೆ ಹೊಂದುವುದು ಇದೇ. ಟಯರಿಗಿರುವ ಜಾಗವನ್ನು ಮಾತ್ರ ಕೇಳಿ ತಿಳಿಯದೆ ಕಣ್ಣಾರೆ ನೋಡಬೇಕು: ಸಾಮಾನ್ಯ ರಿಮ್ ಕ್ಯಾಲಿಪರಿನ ಕೆಳಗೆ 28 ಮಿ.ಮೀ. ಟಯರು ಹಿಡಿಸಿದರೆ ಹೆಚ್ಚು, ಡಿಸ್ಕ್ ಫ್ರೇಮುಗಳಲ್ಲಿ 32 ಅಥವಾ ಅದಕ್ಕಿಂತ ಅಗಲದ್ದೂ ಕೂರುತ್ತದೆ. ಅದರ ಮೇಲೆ ಮಡ್‌ಗಾರ್ಡಿಗೆ ಜಾಗ ಉಳಿಯುವುದೇ, ಅದನ್ನು ಬಿಗಿಯುವ ಸ್ಕ್ರೂ ತೂತುಗಳಿವೆಯೇ ಎಂಬುದನ್ನೂ ಗಮನಿಸಬೇಕು.

ಲೋಹದ ವಿಷಯ ಬಂದರೆ, ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಡಲಂಚಿನಲ್ಲಿ ಉಪ್ಪುಗಾಳಿಯದ್ದೇ ದೊಡ್ಡ ಚಿಂತೆ. ಉಕ್ಕಿನ ಫ್ರೇಮ್ ಆಘಾತ ತಾಳುತ್ತದೆ, ಮುರಿದರೆ ಬೆಸುಗೆ ಹಾಕಿಸಬಹುದು, ಆದರೆ ತುಕ್ಕು ಕೊಳವೆಯ ಒಳಗಿನಿಂದ ಹಿಡಿಯುವುದರಿಂದ ಒಳಭಾಗಕ್ಕೆ ಮೇಣದಂಥ ಲೇಪ ಕೊಡಿಸಬೇಕಾಗುತ್ತದೆ. ಅಲ್ಯೂಮಿನಿಯಂ ಹಾಗೆ ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕೈಗೆಟಕುತ್ತದೆ. ಫೋರ್ಕ್ ಮಾತ್ರ ಕಾರ್ಬನ್ನಿನದ್ದಾದರೆ ಕೈಗೆ ಕಂಪನ ಕಡಿಮೆ. ಪೂರ್ಣ ಕಾರ್ಬನ್ ಫ್ರೇಮ್ ಹಗುರ ನಿಜ, ಪೆಟ್ಟು ಬಿದ್ದರೆ ಬಿರುಕು ಹೊರಗೆ ಕಾಣದೆಯೂ ಇರಬಹುದು. ಫ್ರೇಮ್ ಯಾವುದರದ್ದೇ ಆದರೂ ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ಒತ್ತಿ ಕೂರಿಸಿದ್ದಕ್ಕಿಂತ ತಿರುಪಿನದ್ದಾಗಿರಲಿ, ಅದರ ಕೆಳಗೆ ನೀರು ಇಳಿಯುವ ತೂತಿರಲಿ.

ಹಣ ಕೊಡುವ ಮೊದಲು ಸೈಕಲನ್ನು ಇಳಿಜಾರಿಗೆ ಒಯ್ದು, ಬ್ರೇಕಿನ ಮೇಲೆ ಕೈಯಿಟ್ಟು ಕುಳಿತು ನೋಡಬೇಕು. ಮೊಣಕೈ ಸ್ವಲ್ಪ ಮಡಿದಿರಬೇಕು, ಬೆರಳಿನ ಮೊದಲ ಗೆಣ್ಣು ಲಿವರನ್ನು ಸಲೀಸಾಗಿ ಸುತ್ತಬೇಕು. ಕೈ ಚಿಕ್ಕದಿದ್ದವರು ಲಿವರನ್ನು ಹತ್ತಿರಕ್ಕೆ ತರುವ ತಿರುಪು ಇದೆಯೇ ಎಂದು ಕೇಳಿ, ಅಂಗಡಿಯಲ್ಲೇ ಹೊಂದಿಸಿಕೊಂಡು ಬರುವುದು ಒಳ್ಳೆಯದು.