ಕಾರಿನ ಮೈಮೇಲಿನ ಗೀರು: ಯಾವುದಕ್ಕೆ ಯಾವ ಪಾಲಿಶ್, ಯಾವ ಪ್ಯಾಡ್

ಕಾರು ತೊಳೆದು ಬಿಸಿಲಿಗೆ ತಂದು ನಿಲ್ಲಿಸಿದಾಗ ಬಾನೆಟ್ ಮೇಲೆ ಬೆಳಕು ಹೊಳೆಯೋ ಜಾಗದಲ್ಲಿ ಸುತ್ತು ಸುತ್ತಾಗಿ ಸಣ್ಣ ಗೆರೆಗಳು ಕಾಣುತ್ವೆ. ಕಪ್ಪು, ಕಡುನೀಲಿ, ಕೆಂಪು ಕಾರಾದ್ರಂತೂ ಎದ್ದು ಕಾಣುತ್ತೆ, ಬಿಳಿ ಕಾರಲ್ಲಿ ಇದ್ರೂ ಕಣ್ಣಿಗೆ ಬೀಳಲ್ಲ ಅಷ್ಟೇ. ಇದಕ್ಕೆ ಸ್ವರ್ಲ್ ಮಾರ್ಕ್ ಅಂತಾರೆ. ಧೂಳು ಕೂತ ಕಾರನ್ನ ದಿನಾ ಬೆಳಿಗ್ಗೆ ಒಣಬಟ್ಟೇಲಿ ಒರೆಸಿದಾಗ ಆ ಧೂಳಿನ ಕಣಗಳೇ ಗೀಚಿರೋದು ಇದು. ಇದನ್ನ ತೆಗೀಬೇಕು ಅಂತ ಹೊರಟವರು ಮೊದಲು ಅಂಗಡಿಗೆ ಹೋಗಿ ಒಂದು ಸ್ಕ್ರ್ಯಾಚ್ ರಿಮೂವರ್ ಕೊಡಿ ಅಂತಾರೆ. ಬೆಂಗಳೂರಿನ ಜೆ.ಸಿ. ರೋಡಲ್ಲಾಗಲಿ ಆನ್‌ಲೈನಲ್ಲಾಗಲಿ ಸಾಲುಸಾಲು ಬಾಟಲಿ ಸಿಗುತ್ತೆ, ಯಾವುದೋ ಒಂದು ತಂದು ಹಳೇ ಬನಿಯನ್ ಬಟ್ಟೇಲಿ ಉಜ್ಜೋದು, ಮಾರನೇ ದಿನ ಬಿಸಿಲಲ್ಲಿ ನೋಡಿದ್ರೆ ಇದ್ದ ಗೀರಿನ ಜೊತೆ ಹೊಸ ಗೀರೂ ಸೇರಿರುತ್ತೆ. ಬಾಟಲಿ ಆರಿಸೋದು ಕೊನೇ ಕೆಲಸ, ಅದಕ್ಕೂ ಮುಂಚೆ ಗೀರು ಯಾವುದು ಅಂತ ನೋಡ್ಬೇಕು, ಆಮೇಲೆ ಪಾಲಿಶ್ ಉಜ್ಜೋ ಪ್ಯಾಡ್, ಆಮೇಲೆ ಬಾಟಲಿ.

ಮೊದಲು ಪಾಲಿಶ್ ಮಾಡಿದಾಗ ನಿಜವಾಗಿ ಏನಾಗುತ್ತೆ ಅಂತ ತಿಳ್ಕೊಳ್ಳಿ

ಕಾರಿನ ಪೇಂಟ್ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯೋ ಕೋಟ್, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ ಇರೋ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ಬಣ್ಣ ಇಲ್ಲದ ಕ್ಲಿಯರ್ ಕೋಟ್. ಫ್ಯಾಕ್ಟರಿ ಪೇಂಟಲ್ಲಿ ಇದೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತೆ, ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಬರೀ 35ರಿಂದ 50 ಮೈಕ್ರಾನ್, ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ ಅಂದ್ರೆ ನೀವೇ ಲೆಕ್ಕ ಹಾಕಿ.

ಸ್ವರ್ಲ್ ಮಾರ್ಕ್ ಎಲ್ಲ ಇರೋದು ಈ ಕ್ಲಿಯರ್ ಕೋಟಲ್ಲಿ. ಪಾಲಿಶ್ ಗೀರನ್ನ ತುಂಬುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ತುಂಬಲ್ಲ. ಗದ್ದೇಲಿ ಒಂದು ಗುಂಡಿ ಇದ್ರೆ ಅದಕ್ಕೆ ಮಣ್ಣು ಹಾಕೋ ಬದಲು ಸುತ್ತಲಿನ ನೆಲವನ್ನೇ ಗುಂಡಿಯ ಮಟ್ಟಕ್ಕೆ ಕೆತ್ತಿ ಇಳಿಸಿದ ಹಾಗೆ, ಪಾಲಿಶ್ ಮಾಡೋದು ಇದನ್ನೇ. ಹದವಾದ ಒಂದು ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗುತ್ತೆ, ಹೋಗಿದ್ದು ವಾಪಸ್ ಬರಲ್ಲ, ಬಿಸಿಲನ್ನ ತಡೆಯೋ ಅಂಶ ಇರೋದೂ ಆ ಕ್ಲಿಯರ್ ಕೋಟಲ್ಲೇ. ಹಳೇ ಕಾರುಗಳ ರೂಫ್ ಮೇಲೆ ಬೆಳ್ಳಗೆ ಸುಲಿದು ಹೋಗಿರೋ ತೇಪೆ ನೋಡಿರ್ತೀರಲ್ಲ, ಕ್ಲಿಯರ್ ಕೋಟ್ ಸತ್ತಾಗ ಆಗೋದು ಅದು. ಹಾಗಾಗಿ ಪ್ಯಾಡು ಪಾಲಿಶು ಆರಿಸೋವಾಗ ಕೇಳ್ಕೋಬೇಕಾದ ಪ್ರಶ್ನೆ ಒಂದೇ, ಆದಷ್ಟು ಕಮ್ಮಿ ತೇಯ್ದು ಕೆಲಸ ಆಗೋದು ಯಾವುದರಲ್ಲಿ?

ಉಗುರು ಆಡಿಸಿ ನೋಡಿ

ಗೀರಿಗೆ ಅಡ್ಡಲಾಗಿ ಉಗುರು ಮೆಲ್ಲಗೆ ಎಳೀರಿ. ಉಗುರು ಸಿಕ್ಕದೆ ಜಾರಿದ್ರೆ ಪಾಲಿಶಲ್ಲಿ ಹೋಗೋ ಸಾಧ್ಯತೆ ಜಾಸ್ತಿ. ಉಗುರು ತಡೆದ್ರೆ ಅದು ಆಳದ್ದು, ಪೂರ್ತಿ ತೆಗೆಯೋಕೆ ಹೋಗ್ಬೇಡಿ, ಅಂಚುಗಳು ನುಣ್ಣಗಾಗಿ ಗೀರು ಮಂಕಾದ್ರೆ ಅಷ್ಟಕ್ಕೆ ನಿಲ್ಲಿಸಿ. ಗೀರಿನ ತಳದಲ್ಲಿ ಬಿಳಿ ಅಥವಾ ಬೂದು ಬಣ್ಣ ಕಂಡ್ರೆ ಪ್ರೈಮರ್ ತನಕ ಹೋಗಿದೆ ಅಂತ, ಬಂಪರ್ ಮೇಲೆ ಕಪ್ಪು ಕಂಡ್ರೆ ಒಳಗಿನ ಪ್ಲಾಸ್ಟಿಕ್ಕೇ ಕಾಣ್ತಿದೆ, ಇವೆರಡಕ್ಕೂ ಟಚ್ ಅಪ್ ಪೇಂಟೋ ಪೇಂಟರ್ ಕೈಯೋ ಬೇಕು, ಯಾವ ಪಾಲಿಶೂ ಆಗಲ್ಲ. ಇನ್ನೊಂದು ಪರೀಕ್ಷೆ, ಗೀರಿನ ಮೇಲೆ ನೀರು ಹಚ್ಚಿ, ಒದ್ದೆ ಇರೋವಾಗ ಕಾಣದೆ ಒಣಗಿದ ಮೇಲೆ ಕಂಡ್ರೆ ಅದು ಕ್ಲಿಯರ್ ಕೋಟಲ್ಲೇ ಇದೆ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಪಿಲ್ಲರ್‌ಗೆ ಉಜ್ಜಿ ಹಳದಿ ಕಪ್ಪು ಪಟ್ಟೆ ಅಂಟಿದ್ರೆ ಗಾಬರಿ ಆಗ್ಬೇಡಿ, ಅದರಲ್ಲಿ ಮುಕ್ಕಾಲು ಪಾಲು ನಿಮ್ಮ ಕಾರಿನ ಗೀರೇ ಅಲ್ಲ, ಪಿಲ್ಲರಿನ ಬಣ್ಣ ನಿಮ್ಮ ಕಾರಿಗೆ ಬಂದಿರೋದು. ಟಾರ್ ರಿಮೂವರ್ ಹಾಕಿ ಮೈಕ್ರೋಫೈಬರ್ ಬಟ್ಟೇಲಿ ಒರೆಸಿದ್ರೆ ಎಷ್ಟೋ ಹೋಗುತ್ತೆ, ಉಳಿದ ಸಣ್ಣ ಗೆರೆಗೆ ಮಾತ್ರ ಪಾಲಿಶ್. ಮ್ಯಾಟ್ ಫಿನಿಶ್ ಕಾರಿದ್ರೆ ಈ ಲೇಖನ ನಿಮಗಲ್ಲ, ಮ್ಯಾಟ್ ಪೇಂಟ್‌ಗೆ ಪಾಲಿಶ್ ಹಾಕಿದ್ರೆ ಆ ಜಾಗ ಹೊಳೆಯೋಕೆ ಶುರುವಾಗಿ ತೇಪೆ ಹಾಕಿದಂಗೆ ಉಳ್ಕೊಳ್ಳುತ್ತೆ.

ಚೆನ್ನಾಗಿ ತೊಳೀರಿ, ಆಮೇಲೆ ಕ್ಲೇ

ಕಾರ್ ಶಾಂಪೂ ಹಾಕಿ ತೊಳೆದು ಒಣಗಿಸಿ, ಒಂದು ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ ನೋಡಿ. ತರಿತರಿ ಅಂದ್ರೆ ಬ್ರೇಕಿನ ಕಬ್ಬಿಣದ ಪುಡಿ, ಟಾರು, ಮರದ ಅಂಟು ಎಲ್ಲ ಪೇಂಟ್‌ಗೆ ಕಚ್ಕೊಂಡಿದೆ ಅಂತ. ಕ್ಲೇ ಬಾರ್, ಅಂದ್ರೆ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ, ತಗೊಂಡು ಜಾರೋ ಹಾಗೆ ಶಾಂಪೂ ನೀರು ಹಾಕಿ ಮೆಲ್ಲಗೆ ಓಡಿಸಿದ್ರೆ ಎದ್ದು ಬರುತ್ತೆ, ಕ್ಲೇ ನೆಲಕ್ಕೆ ಬಿದ್ರೆ ಆ ತುಂಡು ಬಿಸಾಕಿ. ಇದನ್ನ ಬಿಟ್ಟು ನೇರ ಪಾಲಿಶ್‌ಗೆ ಇಳಿದ್ರೆ ಆ ಕಸವೇ ಪ್ಯಾಡಿಗೆ ಸಿಕ್ಕಿ ಕಾರೆಲ್ಲಾ ಗೀಚುತ್ತೆ. ಆಮೇಲೆ ರಬ್ಬರ್ ಬೀಡಿಂಗು, ಕಪ್ಪು ಪ್ಲಾಸ್ಟಿಕ್ಕು, ಬಾಡಿಯ ಚೂಪು ಅಂಚುಗಳ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಚುಗಳಲ್ಲಿ ಪೇಂಟ್ ಯಾವಾಗ್ಲೂ ತೆಳ್ಳಗಿರುತ್ತೆ, ಮೊದಲು ಸವೆಯೋದೂ ಅಲ್ಲೇ.

ಈಗ ಪ್ಯಾಡ್, ನಿಜವಾದ ವಿಷಯ ಇಲ್ಲಿದೆ

ಬಾಟಲಿ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡ್ತಾರೆ, ಪ್ಯಾಡ್ ಬಗ್ಗೆ ಯಾರೂ ಕೇಳಲ್ಲ, ಆದ್ರೆ ಒಂದೇ ಪಾಲಿಶನ್ನ ಎರಡು ಬೇರೆ ಪ್ಯಾಡಲ್ಲಿ ಹಾಕಿ ನೋಡಿದ್ರೆ ಒಂದು ಗೀರು ತೆಗೆಯುತ್ತೆ, ಇನ್ನೊಂದು ಬರೀ ಹೊಳಪು ಕೊಡುತ್ತೆ. ಪ್ಯಾಡ್‌ಗೆ ದುಡ್ಡು ಹಾಕಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಮೂರು ಜಾತಿ ಇವೆ. ಉಲ್ಲನ್ ಪ್ಯಾಡ್ ಎಲ್ಲಕ್ಕಿಂತ ಜೋರಾಗಿ ತೇಯುತ್ತೆ, ಬೇಗ ತೇಯುತ್ತೆ, ಪೇಂಟಿಂಗ್ ಶಾಪಲ್ಲಿ ಮರಳು ಕಾಗದದ ಗುರುತು ತೆಗೆಯೋಕೆ ಸರಿ, ಮನೇಲಿ ಮೊದಲ ಸಲ ಮಾಡೋರಿಗೆ ಬೇಡ. ಮೈಕ್ರೋಫೈಬರ್ ಪ್ಯಾಡೂ ಚೆನ್ನಾಗಿ ತೇಯುತ್ತೆ, ಡಿಎ (ಡ್ಯುಯಲ್ ಆಕ್ಷನ್) ಪಾಲಿಶಿಂಗ್ ಮಷೀನಿಗೆ ಹೊಂದುತ್ತೆ, ಆದ್ರೆ ಮೆತ್ತನೆ ಪೇಂಟ್ ಮೇಲೆ ಮಂಜು ಮುಸುಕಿದ ಹಾಗೆ ಒಂದು ಮಬ್ಬು ಬಿಟ್ಟು ಹೋಗುತ್ತೆ, ಅದನ್ನ ತೆಗೆಯೋಕೆ ಮತ್ತೆ ಫೋಮ್ ಪ್ಯಾಡಲ್ಲಿ ಇನ್ನೊಂದು ಸುತ್ತು ಬೇಕು. ಮೂರನೇದು ಫೋಮ್, ಅಂದ್ರೆ ಸ್ಪಂಜು. ಇದರಲ್ಲೇ ಗಟ್ಟಿಯಾದ ಕಟಿಂಗ್ ಪ್ಯಾಡ್, ನಡುವಿನ ಪಾಲಿಶಿಂಗ್ ಪ್ಯಾಡ್, ತುಂಬಾ ಮೆತ್ತಗಿರೋ ಫಿನಿಶಿಂಗ್ ಪ್ಯಾಡ್ ಅಂತ ಇರುತ್ತೆ. ಮನೆ ಕೆಲಸಕ್ಕೆ ಪಾಲಿಶಿಂಗ್ ಫೋಮ್ ಮೂರು, ಫಿನಿಶಿಂಗ್ ಎರಡು, ಕಟಿಂಗ್ ಒಂದೆರಡು ಇದ್ರೆ ಸಾಕು. ಒಂದೇ ಪ್ಯಾಡಲ್ಲಿ ಇಡೀ ಕಾರು ಮುಗಿಸೋಕಾಗಲ್ಲ, ಪಾಲಿಶ್ ತುಂಬ್ಕೊಂಡು ಬಿಸಿಯಾದ ಪ್ಯಾಡ್ ಕೆಲಸ ಮಾಡಲ್ಲ.

ಬಣ್ಣ ನೋಡಿ ಮಾತ್ರ ಪ್ಯಾಡ್ ತಗೋಬೇಡಿ, ಇದು ತುಂಬಾ ಮುಖ್ಯ. ಪ್ರತಿ ಕಂಪನಿಗೂ ಅದರದೇ ಬಣ್ಣದ ಲೆಕ್ಕ. ಲೇಕ್ ಕಂಟ್ರಿ ಕಂಪನಿಯ ಹಳದಿ ಫೋಮ್ ಅಂದ್ರೆ ಗಟ್ಟಿ ಕಟಿಂಗ್ ಪ್ಯಾಡ್, ಅದೇ ಇಟಲಿಯ ರುಪೆಸ್ ಕಂಪನಿಯಲ್ಲಿ ಹಳದಿ ಅಂದ್ರೆ ನಯವಾದ ಫೈನ್ ಪ್ಯಾಡ್, ಅವರಲ್ಲಿ ಜೋರಾಗಿ ತೇಯೋದು ನೀಲಿ, ನಡುವಿನದು ಹಸಿರು. ವಿಡಿಯೋದಲ್ಲಿ ಹಳದಿ ಹಾಕಿದ್ರು ಅಂತ ಕಂಪನಿ ನೋಡದೆ ತಂದ್ರೆ ಪೂರ್ತಿ ಉಲ್ಟಾ ಆಗುತ್ತೆ. ಸೈಜ್ ವಿಷಯದಲ್ಲಿ, ಬಾನೆಟ್, ಡೋರ್, ರೂಫಿಗೆ 5 ಅಥವಾ 5.5 ಇಂಚು, ಬಂಪರ್ ಸಂದಿ, ಕನ್ನಡಿ, ಕಿಟಕಿ ಪಕ್ಕದ ಪಟ್ಟಿಗೆ 3 ಇಂಚು.

ಪಾಲಿಶ್ ಆರಿಸೋದು

ಬಾಟಲಿ ಒಳಗೆ ಇರೋದು ಮುಖ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್ ತರದ ಗಟ್ಟಿ ಕಣಗಳು, ಅದನ್ನ ಹೊತ್ತೊಯ್ಯೋ ಎಣ್ಣೆ, ನೀರು. ಜೋರಾಗಿ ತೇಯೋದಕ್ಕೆ ಕಾಂಪೌಂಡ್ ಅಂತಾರೆ, ನಡುವಿನದು ಪಾಲಿಶ್, ಕೊನೇಲಿ ಹೊಳಪಿಗೆ ಫಿನಿಶಿಂಗ್ ಪಾಲಿಶ್. ಜರ್ಮನಿಯ ಮೆಂಜರ್ನಾ ಬಾಟಲಿಗಳಲ್ಲಿ 400 ಜೋರು, 2500 ನಡುವಿನದು, 3800 ನಯ, ಅಂದ್ರೆ ನಂಬರ್ ಏರಿದಷ್ಟೂ ಮೃದು. ಮೆಗ್ವಯರ್ಸ್ ನವರಲ್ಲಿ ಎಂ105 ಕಾಂಪೌಂಡು, ಎಂ205 ಫಿನಿಶಿಂಗ್. ನಂಬರಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಬಾಟಲಿ ಹಿಂದೆ ಕಟ್ (ತೇಯೋ ಜೋರು) ಎಷ್ಟು ಗ್ಲಾಸ್ (ಹೊಳಪು) ಎಷ್ಟು ಅಂತ ಹಾಕಿರ್ತಾರೆ, ಅದನ್ನ ಓದಿ.

ಕೆಲವು ಪಾಲಿಶಲ್ಲಿ ಕಣಗಳು ಉಜ್ಜಿದಂಗೆ ಒಡೆದು ಸಣ್ಣಗಾಗ್ತಾ ಹೋಗುತ್ವೆ, ಅಂಥದನ್ನ ಅರ್ಧಕ್ಕೆ ನಿಲ್ಲಿಸಿದ್ರೆ ಮಬ್ಬು ಉಳಿಯುತ್ತೆ, ಪೂರ್ತಿ ಓಡಿಸ್ಬೇಕು. ಇನ್ನು ಕೆಲವದರಲ್ಲಿ ಕಣ ಹಾಗೇ ಇರುತ್ತೆ, ಅದನ್ನ ಎಷ್ಟು ಹೊತ್ತು ಓಡಿಸಿದ್ರೆ ಅಷ್ಟು ಹೊತ್ತೂ ತೇಯುತ್ತಲೇ ಇರುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬೀಲಿ ಸಿಗೋ ಗಟ್ಟಿ ರಬ್ಬಿಂಗ್ ಕಾಂಪೌಂಡ್ ದೊರಗು, ಅದನ್ನ ಸ್ವರ್ಲ್ ಮಾರ್ಕಿಗೆ ದಯವಿಟ್ಟು ಹಾಕ್ಬೇಡಿ. ಟೂತ್‌ಪೇಸ್ಟೂ ಬೇಡ, ಅದು ಹಲ್ಲಿಗೆ ಮಾಡಿದ್ದು. ಗ್ಲೇಜ್ ಅಂತ, ಇನ್‌ಸ್ಟಂಟ್ ಶೈನ್ ಅಂತ ಬರೋದು ಎಷ್ಟೋ ಸಲ ಗೀರಿನೊಳಗೆ ಎಣ್ಣೆ ಮೇಣ ತುಂಬಿ ಮುಚ್ಚುತ್ತೆ ಅಷ್ಟೇ, ನಾಲ್ಕು ವಾಶ್ ಆದ್ಮೇಲೆ ಗೀರು ಮತ್ತೆ ಹಾಜರ್.

ಪೇಂಟಿನ ಗಟ್ಟಿತನವೂ ಲೆಕ್ಕಕ್ಕೆ ಬರುತ್ತೆ. ಸಾಮಾನ್ಯವಾಗಿ ಹೋಂಡಾ, ಟೊಯೋಟಾ ತರದ ಜಪಾನಿ ಕಾರುಗಳ ಪೇಂಟ್ ಮೆತ್ತಗೆ, ಫೋಕ್ಸ್‌ವ್ಯಾಗನ್, ಸ್ಕೋಡಾ, ಔಡಿ ಕಡೆಯದು ಗಟ್ಟಿ ಅನ್ನೋದು ಈ ಕೆಲಸ ಮಾಡೋರ ಅನುಭವ. ಮೆತ್ತನೆ ಪೇಂಟಲ್ಲಿ ಗೀರು ಬೇಗ ಬೀಳುತ್ತೆ, ಬೇಗ ಹೋಗುತ್ತೆ, ಆದ್ರೆ ಮಬ್ಬಿಲ್ಲದೆ ಮುಗಿಸೋದು ಕಷ್ಟ. ಒಂದೇ ಕಾರಲ್ಲೂ ಒಂದು ಡೋರ್ ಯಾವಾಗಲೋ ರೀಪೇಂಟ್ ಆಗಿದ್ರೆ ಅದು ಬೇರೆ ತರ ವರ್ತಿಸುತ್ತೆ. ಅದಕ್ಕೇ ಯಾರಾದ್ರೂ ನಿಮ್ಮ ಕಾರಿಗೆ ಇದೇ ಬಾಟಲಿ ಇದೇ ಪ್ಯಾಡ್ ಅಂತ ಫೋನಲ್ಲೇ ಹೇಳಿದ್ರೆ ನಂಬ್ಬೇಡಿ.

ಟೆಸ್ಟ್ ಸ್ಪಾಟ್ ಬಿಡಲೇಬೇಡಿ

ಬಾನೆಟ್ ಮೇಲೆ ಒಂದೂವರೆ ಅಡಿ ಚೌಕ ಟೇಪ್ ಹಾಕಿ ಗುರುತು ಮಾಡ್ಕೊಳ್ಳಿ. ಮೊದಲು ಫಿನಿಶಿಂಗ್ ಪಾಲಿಶ್ ಜೊತೆ ಪಾಲಿಶಿಂಗ್ ಫೋಮ್ ಹಾಕಿ ನೋಡಿ, ಗೀರು ಹೋದ್ರೆ ಇಡೀ ಕಾರಿಗೆ ಅಷ್ಟೇ ಸಾಕು. ಹೋಗ್ಲಿಲ್ವಾ, ಪ್ಯಾಡ್ ಹಾಗೇ ಇಟ್ಟು ನಡುವಿನ ಪಾಲಿಶ್ ಹಾಕಿ. ಆಗ್ಲೂ ಇಲ್ಲ ಅಂದ್ರೆ ಅದೇ ಪಾಲಿಶ್‌ಗೆ ಕಟಿಂಗ್ ಫೋಮ್. ಅದೂ ಸಾಲದಿದ್ರೆ ಮಾತ್ರ ಕಾಂಪೌಂಡು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಕಾಂಪೌಂಡ್ ಹಾಕಿದ್ರೆ ಅದರ ಹಿಂದೆಯೇ ಫಿನಿಶಿಂಗ್ ಪಾಲಿಶೂ ಮೆತ್ತನೆ ಪ್ಯಾಡೂ ಹಾಕಲೇಬೇಕು, ಇಲ್ಲಾಂದ್ರೆ ಗೀರು ಹೋಗಿ ಮಬ್ಬು ಉಳಿಯುತ್ತೆ.

ಪ್ಯಾಡಿಗೆ ಕಾರಿನ ಬಣ್ಣ ಹತ್ತಿದ್ರೆ ಒಂದು ನಿಮಿಷ ನಿಲ್ಲಿಸಿ. ಕೆಲವು ಹಳೇ ಕಾರುಗಳಿಗೆ ಕ್ಲಿಯರ್ ಕೋಟೇ ಇರಲ್ಲ, ಬಣ್ಣವೇ ಮೇಲಿನ ಪದರ, ಅಲ್ಲಿ ಬಣ್ಣ ಹತ್ತೋದು ಸಹಜ. ಕ್ಲಿಯರ್ ಕೋಟ್ ಇರೋ ಮೆಟಾಲಿಕ್ ಕಾರಲ್ಲಿ ಬಣ್ಣ ಬಂತು ಅಂದ್ರೆ ಕ್ಲಿಯರ್ ಕೋಟ್ ದಾಟಿ ಹೋಗಿದೆ, ಅಲ್ಲಿಗೆ ಬಿಟ್ಟುಬಿಡಿ.

ಮಷೀನು ಮತ್ತು ಕೈ

ಡೋರ್ ಹ್ಯಾಂಡಲ್ ಹಿಂದಿನ ಉಗುರಿನ ಗೆರೆ, ಅಲ್ಲೊಂದು ಇಲ್ಲೊಂದು ಗೀರು ಇದ್ರೆ ಫೋಮ್ ಅಪ್ಲಿಕೇಟರ್ ಹಿಡಿದು ಕೈಯಲ್ಲೇ ಆಗುತ್ತೆ, ಮೆಗ್ವಯರ್ಸ್ ಅಲ್ಟಿಮೇಟ್ ಕಾಂಪೌಂಡ್ ತರದ್ದು ಕೈಗೂ ಒಗ್ಗುತ್ತೆ. ಇಡೀ ಕಾರಿಗಾದ್ರೆ ಡ್ಯುಯಲ್ ಆಕ್ಷನ್ ಮಷೀನ್ ಬೇಕು. ಅದು ತಿರುಗ್ತಾನೂ ಇರುತ್ತೆ, ಅಡ್ಡಾದಿಡ್ಡಿ ಓಡಾಡ್ತಾನೂ ಇರುತ್ತೆ, ಹಾಗಾಗಿ ಒಂದೇ ಜಾಗದಲ್ಲಿ ಬಿಸಿ ಸೇರಲ್ಲ. ರೋಟರಿ ಮಷೀನ್ ಬರೀ ಗಿರಗಿರ ತಿರುಗುತ್ತೆ, ಪಳಗಿದ ಕೈಗೆ ಒಳ್ಳೇದು, ಪಳಗದ ಕೈಲಿ ಅಂಚಿನ ಪೇಂಟ್ ಸುಡುತ್ತೆ, ಬಿಸಿಲಲ್ಲಿ ಉದ್ದುದ್ದ ನೆರಳಿನ ಪಟ್ಟೆ ಕಾಣೋ ಹಾಗೆ ಮಾಡುತ್ತೆ, ಅದಕ್ಕೆ ಹೊಲೊಗ್ರಾಮ್ ಅಂತಾರೆ. ಡ್ರಿಲ್ಲಿಗೆ ಸಿಕ್ಕಿಸೋ ಪ್ಯಾಡ್ ಸೆಟ್ ಸಹ ರೋಟರಿಯೇ, ಅಗ್ಗ ಅಂತ ಅದಕ್ಕೆ ಹೋಗ್ಬೇಡಿ.

ಓಡಿಸೋ ರೀತಿ

ನೆರಳಲ್ಲಿ, ಬಾನೆಟ್ ತಣ್ಣಗಿದ್ದಾಗ ಮಾಡಿ. ಕಲಬುರಗಿ, ರಾಯಚೂರು ಕಡೆಯವರು ಬೇಸಿಗೇಲಿ ಬಿಸಿಲೇರೋ ಮುಂಚೆಯೇ ಮುಗಿಸ್ಬೇಕು, ಕಾದ ತಗಡಿನ ಮೇಲೆ ಪಾಲಿಶ್ ಒಣಗಿ ಪುಡಿಯಾಗುತ್ತೆ. ಹೊಸ ಪ್ಯಾಡಿಗೆ ಮೊದಲು ಸ್ವಲ್ಪ ಪಾಲಿಶ್ ಕೈಯಲ್ಲೇ ಸವರಿ, ಆಮೇಲೆ ಬಟಾಣಿ ಗಾತ್ರದ 3-4 ಹನಿ. ಮಷೀನ್ ಆನ್ ಮಾಡೋ ಮುಂಚೆ ಪ್ಯಾಡನ್ನ ಪೇಂಟ್ ಮೇಲೆ ಇಡಿ, ಇಲ್ಲಾಂದ್ರೆ ಗೋಡೆಯೆಲ್ಲಾ ಪಾಲಿಶ್. ನಿಧಾನದ ಸ್ಪೀಡಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ, ಸೆಕೆಂಡಿಗೆ ಒಂದಿಂಚಿನ ಹಾಗೆ ಮೆಲ್ಲಗೆ ಸಾಗಿಸಿ, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರಲಿ, ಮೊದಲು ಅಡ್ಡ, ಆಮೇಲೆ ಉದ್ದ. ಜೋರಾಗಿ ಒತ್ಬೇಡಿ. ಬ್ಯಾಕಿಂಗ್ ಪ್ಲೇಟ್, ಅಂದ್ರೆ ಮಷೀನಲ್ಲಿ ಪ್ಯಾಡ್ ಅಂಟಿಸೋ ತಟ್ಟೆ, ಅದರ ಪಕ್ಕದಲ್ಲಿ ಮಾರ್ಕರಲ್ಲಿ ಒಂದು ಗೆರೆ ಎಳೆದಿಟ್ರೆ ಪ್ಯಾಡ್ ತಿರುಗ್ತಾ ಇದೆಯಾ ಅಂತ ಕಾಣುತ್ತೆ, ಒತ್ತಡ ಜಾಸ್ತಿ ಆದ್ರೆ ಡಿಎ ಮಷೀನ್ ತಿರುಗೋದು ನಿಲ್ಲಿಸಿ ಬರೀ ನಡುಗುತ್ತೆ, ಆಗ ಕೆಲಸ ಆಗ್ತಿಲ್ಲ ಅಂತಾನೇ. ಪ್ಲಾಸ್ಟಿಕ್ ಬಂಪರ್ ಮೇಲೆ ಇನ್ನೂ ಹಗುರಾಗಿ, ಅದು ತಗಡಿನ ಹಾಗೆ ಬಿಸಿಯನ್ನ ಹರಡಲ್ಲ.

ಒರೆಸಿ ನೋಡಿ ಖುಷಿ ಪಡೋ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಚೆನ್ನಾಗಿ ನೀರು ಬೆರೆಸಿ ಆ ಜಾಗಕ್ಕೆ ಹೊಡೆದು ಒರೆಸಿ, ಪಾಲಿಶಿನ ಎಣ್ಣೆ ಹೋದ ಮೇಲೆ ಉಳಿದಿರೋದೇ ನಿಜ. ಬಿಳಿ ಎಲ್‌ಇಡಿ ಟಾರ್ಚನ್ನ ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಅಲ್ಲೊಂದು ಇಲ್ಲೊಂದು ಆಳದ ಗೆರೆ ಉಳಿದಿದ್ರೆ ಉಳೀಲಿ, ಅದೊಂದರ ಹಿಂದೆ ಬಿದ್ದು ಸುತ್ತಲಿನ ಕ್ಲಿಯರ್ ಕೋಟ್ ಕಳ್ಕೊಳ್ಳೋದು ಬೇಡ. ಎಲ್ಲಾ ಮುಗಿದ ಮೇಲೆ ವ್ಯಾಕ್ಸೋ ಸೀಲಂಟೋ ಹಾಕಿ, ಪಾಲಿಶ್ ಆದ ಪೇಂಟ್ ಬರಿಮೈಯಲ್ಲಿರುತ್ತೆ.

ಪ್ರತಿ ಚೌಕ ಆದ್ಮೇಲೆ ಪ್ಯಾಡನ್ನ ನೈಲಾನ್ ಬ್ರಷಲ್ಲಿ ಉಜ್ಜಿ ಕೊಡವಿ. ಕೊನೇಲಿ ಮೆದು ಸೋಪಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ವೆಲ್ಕ್ರೋ ಕಡೆ ಮೇಲೆ ಬರೋ ಹಾಗೆ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದ್ರೆ ಅಂಟು ಬಿಡುತ್ತೆ. ಹಿಂಬದಿಯಲ್ಲಿ ಯಾವ ಪಾಲಿಶ್ ಹಾಕಿದ್ದು ಅಂತ ಮಾರ್ಕರಲ್ಲಿ ಬರೆದಿಡಿ, ಕಾಂಪೌಂಡ್ ಕುಡಿದ ಪ್ಯಾಡನ್ನ ತೊಳೆದಿದ್ದೀನಲ್ಲ ಅಂತ ಮುಂದಿನ ಸಲ ಫಿನಿಶಿಂಗ್‌ಗೆ ತಗೋಬೇಡಿ.