ಒಂದು ಮಿಲಿಮೀಟರ್‌ಗಿಂತ ಚಿಕ್ಕ ರೆಕ್ಕೆ ಅಳೆದದ್ದು: ನನ್ನ ಅನುಭವ

ಎರಡನೇ ಮಹಾಯುದ್ಧದ ಬೇಹುಗಾರಿಕೆ ಫೋಟೋ ನೋಡಿ ಶತ್ರು ವಿಮಾನದ ರೆಕ್ಕೆ ಅಳೆಯಬಹುದು, ಅದೂ ಅರ್ಧ ಅಡಿ ಆಚೀಚೆಗೆ, ಅಂತ ಹೇಳಿದಾಗ ಹಳೆಯ ವೈಮಾನಿಕ ಫೋಟೋ ಅಳೆಯುವ ನಮ್ಮ ಹವ್ಯಾಸದವರು ಯಾರೂ ನಂಬಲಿಲ್ಲ. ಈಗ ಒಪ್ಪಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಅನುಮಾನದಲ್ಲಿ ಹುರುಳಿತ್ತು. 36 ಇಂಚು ನಾಭಿದೂರದ ಲೆನ್ಸ್, 30,000 ಅಡಿ ಎತ್ತರ ಅಂದರೆ ಸ್ಕೇಲ್ 1:10,000, ನೆಲದ ಹತ್ತು ಮೀಟರ್ ಫಿಲ್ಮ್ ಮೇಲೆ ಒಂದು ಮಿಲಿಮೀಟರ್. ಜರ್ಮನರ ರಾಕೆಟ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ 163ರ ರೆಕ್ಕೆ ತುದಿಯಿಂದ ತುದಿಗೆ 9.33 ಮೀಟರ್. ನೆಗೆಟಿವ್ ಮೇಲೆ ಅದು 0.93 ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಆದರೂ ಬ್ರಿಟಿಷರ ಬೇಹುಗಾರಿಕೆ ಫೋಟೋ ಪರಿಶೀಲಿಸುವ ಕೇಂದ್ರವಾದ ಮೆಡ್‌ಮೆನ್‌ಹ್ಯಾಮ್‌ನಲ್ಲಿ ಕೂತು ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ 1943ರ ಜೂನ್ ತಿಂಗಳ ಫೋಟೋದಲ್ಲಿ ಇದನ್ನು ಗುರುತಿಸಿದರು. ವಿಮಾನದ ಹೆಸರು ಗೊತ್ತಿಲ್ಲದ ಕಾರಣ, ಅದು ಕಂಡ ಜರ್ಮನ್ ಪರೀಕ್ಷಾ ಕೇಂದ್ರದ ಹೆಸರು ಹಿಡಿದು 'ಪೀನಮುಂಡೆ 30' ಅಂತ ಕರೆದರು. 30 ಅಂದರೆ ರೆಕ್ಕೆಯ ಅಡಿ. ನಿಜವಾದ ಅಳತೆ 30 ಅಡಿ 7 ಇಂಚು. "ಗೂಢಚಾರರು ಮೊದಲೇ ಹೇಳಿರ್ತಾರೆ ಬಿಡು, ಫೋಟೋ ಸುಮ್ನೆ ನೆಪ" ಅನ್ನೋದು ನನ್ನ ಗೆಳೆಯನೊಬ್ಬನ ವಾದ. ಅವನ ಬಾಯಿ ಮುಚ್ಚಿಸುವುದೇ ನನ್ನ ಗುರಿಯಾಯಿತು.

ಮೊದಲು ದುಡ್ಡು ಹೋದ ಕತೆ. ಒಬ್ಬ ಮಾರಾಟಗಾರನಿಂದ ಜರ್ಮನ್ ವಾಯುನೆಲೆಗಳ ಸ್ಕ್ಯಾನ್‌ಗಳನ್ನು ಕೊಂಡೆ. ಒಟ್ಟು ನೂರೈವತ್ತು ಪೌಂಡ್ ಹತ್ತಿರ ಆಗಿರಬೇಕು. ಬಂದದ್ದು 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ. ಒಂದು ಪಿಕ್ಸೆಲ್‌ಗೆ 0.042 ಮಿಲಿಮೀಟರ್, ನೆಲದ ಮೇಲೆ ಹೆಚ್ಚುಕಮ್ಮಿ ಒಂದೂವರೆ ಅಡಿ! ಅದರ ಮೇಲೆ ಪುಣ್ಯಾತ್ಮ ಚಿತ್ರ ಚೆನ್ನಾಗಿ ಕಾಣಲಿ ಅಂತ ಶಾರ್ಪನ್ ಬೇರೆ ಮಾಡಿದ್ದ. ರೆಕ್ಕೆಯ ಅಂಚಿಗೆ ಒಂದು ಬಿಳಿ ಗೆರೆ ಹುಟ್ಟಿಕೊಂಡಿತ್ತು. ಇಂಥವು ಗೋಡೆಗೆ ಹಾಕಲು ಸರಿ, ಅಳತೆಗೆ ಪ್ರಯೋಜನವಿಲ್ಲ. ಆಮೇಲೆ ಬೇರೆ ಕಡೆಯಿಂದ ಕೆಲವೇ ಫ್ರೇಮ್‌ಗಳನ್ನು, ಒಂದೊಂದಕ್ಕೆ ಮೂವತ್ತು ಪೌಂಡ್ ಮೇಲೆ ಕೊಟ್ಟು, 2400 ಡಿಪಿಐನಲ್ಲಿ ತರಿಸಿಕೊಂಡೆ. ಜಾಸ್ತಿ ಫ್ರೇಮ್ ಬೇಡ, ಒಳ್ಳೆಯ ಫ್ರೇಮ್ ಬೇಕು.

ಎಲ್ಲರೂ ಹೆದರಿಸುವುದು ಫೋಟೋ ಮುದ್ರಿಸಿದ ಕಾಗದ ಕುಗ್ಗುತ್ತೆ ಅಂತ. ಅದು ದೊಡ್ಡ ವಿಷಯವೇ ಅಲ್ಲ. ಶೇಕಡ ಒಂದು ಕುಗ್ಗಿದರೂ 9 ಮೀಟರ್ ರೆಕ್ಕೆಗೆ 9 ಸೆಂಟಿಮೀಟರ್ ವ್ಯತ್ಯಾಸ. ಯಾರಿಗೆ ಬೇಕು? ಎತ್ತರದ ಲೆಕ್ಕ ಅದಕ್ಕಿಂತ ಕೆಟ್ಟದ್ದು. ಪೈಲಟ್‌ನ ಆಲ್ಟಿಮೀಟರ್ (ಎತ್ತರ ತೋರಿಸುವ ಮಾಪಕ) 1000 ಅಡಿ ತಪ್ಪಿದರೆ 30 ಅಡಿಯ ರೆಕ್ಕೆಗೆ ಒಂದು ಅಡಿ ತಪ್ಪುತ್ತದೆ. ಹಾಗಾಗಿ ಫ್ರೇಮ್ ಅಂಚಿನಲ್ಲಿ ಬರೆದ ಎತ್ತರ ಬಿಟ್ಟು, ಅದೇ ಫ್ರೇಮ್‌ನಲ್ಲಿ ಪಕ್ಕದಲ್ಲೇ ನಿಂತ ಗೊತ್ತಿರುವ ವಿಮಾನವನ್ನು ಅಳತೆಗೋಲು ಮಾಡಿಕೊಳ್ಳಬೇಕು.  ಉದಾಹರಣೆಗೆ ಜರ್ಮನರ ಸಾಗಣೆ ವಿಮಾನ ಯುಂಕರ್ಸ್ 52, ರೆಕ್ಕೆ 29.25 ಮೀಟರ್. ಬಹಳಷ್ಟು ನೆಲೆಗಳಲ್ಲಿ ಒಂದಾದರೂ ನಿಂತಿರುತ್ತೆ, ಅಲ್ವಾ?

ಇಷ್ಟಾದರೂ ನನ್ನ ಉತ್ತರಗಳು ಹಟ ಹಿಡಿದಂತೆ ದೊಡ್ಡದಾಗಿಯೇ ಬರುತ್ತಿದ್ದವು. ದೊಡ್ಡ ವಿಮಾನ ಸರಿ ಬರುತ್ತಿತ್ತು, ಚಿಕ್ಕದು ಮಾತ್ರ ಅಡಿ ಒಂದೂವರೆ ಅಡಿ ಜಾಸ್ತಿ. ಇದಕ್ಕೇ ತುಂಬಾ ದಿನ ಹಿಡಿಯಿತು. ಕಾರಣ ಸರಳ. ಬೆಳ್ಳಗಿನ ರೆಕ್ಕೆ ಕಪ್ಪು ಹುಲ್ಲಿನ ಮೇಲಿದ್ದರೆ ಬೆಳಕು ಫಿಲ್ಮ್‌ನಲ್ಲಿ ಅಂಚು ದಾಟಿ ಹರಡುತ್ತದೆ. ಈ ಹರಡುವಿಕೆ ಶೇಕಡಾವಾರು ಅಲ್ಲ. ವಿಮಾನ ದೊಡ್ಡದಿರಲಿ ಚಿಕ್ಕದಿರಲಿ ಅಷ್ಟೇ ಇರುತ್ತದೆ. 0.05 ಮಿಲಿಮೀಟರ್ ಅಂದುಕೊಳ್ಳಿ. ಅರ್ಧ ಮೀಟರ್ ಆಯಿತು. ಯುಂಕರ್ಸ್‌ಗೆ ಅದು ಲೆಕ್ಕಕ್ಕಿಲ್ಲ, ಪುಟ್ಟ ವಿಮಾನಕ್ಕೆ ಭಾರಿ.

ಹಾಗಾದರೆ ಅಳತೆಗೋಲು ಒಂದಲ್ಲ, ಎರಡು ಬೇಕು. ಒಂದು ದೊಡ್ಡದು, ಒಂದು ಚಿಕ್ಕದು. ಯುಂಕರ್ಸ್ 52 ಚಿತ್ರದಲ್ಲಿ 2.97 ಮಿಲಿಮೀಟರ್, ಅದರ ಪಕ್ಕ ಚಿಕ್ಕ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ 109 ಜಿ, ಅಂದರೆ 9.92 ಮೀಟರ್‌ನದು, 1.04 ಮಿಲಿಮೀಟರ್ ಬಂತು ಅನ್ನಿ. ಒಂದರಿಂದ ಒಂದನ್ನು ಕಳೆಯಿರಿ: 19.33 ಮೀಟರ್‌ಗೆ 1.93 ಮಿಲಿಮೀಟರ್. ಕಳೆದಾಗ ಹರಡುವಿಕೆ ಎರಡರಿಂದಲೂ ಹೋಯಿತು, ಶುದ್ಧ ಸ್ಕೇಲ್ ಉಳಿಯಿತು. ಆ ಸ್ಕೇಲ್ ಹಾಕಿದರೆ 109ರ ರೆಕ್ಕೆ 0.99 ಇರಬೇಕಿತ್ತು. ಉಳಿದ 0.05 ಹರಡಿದ್ದು. ಗೊತ್ತಿಲ್ಲದ ವಿಮಾನದ ಅಳತೆಯಿಂದ ಮೊದಲು ಅದನ್ನು ಕಳೆದು, ಆಮೇಲೆ ಸ್ಕೇಲ್‌ನಿಂದ ಗುಣಿಸಿ. ಮುಗಿಯಿತು.

ಇಲ್ಲೊಂದು ನನ್ನ ಊಹೆ. 1943ರ ಕೊನೆಗೆ ಅದೇ ಸ್ಮಿತ್ 'ಪೀನಮುಂಡೆ 20' ಅಂತ ಒಂದನ್ನು ಹಿಡಿದರು. ಅದೇ ವಿ-1 ಹಾರುಬಾಂಬ್. ಅದರ ನಿಜವಾದ ರೆಕ್ಕೆ ಹದಿನೇಳೂವರೆ ಅಡಿ ಆಸುಪಾಸು. ಒಂದೇ ಅಳತೆಗೋಲು ಇಟ್ಟು, 0.05 ಹರಡುವಿಕೆ ಬಿಟ್ಟು ಲೆಕ್ಕ ಹಾಕಿದರೆ ನನಗೆ ಹದಿನೆಂಟೂಮುಕ್ಕಾಲು ಅಡಿ ಬರುತ್ತದೆ. ಹೆಸರಿಡುವಾಗ 20ಕ್ಕೆ ದುಂಡಾಗಿಸಿದ್ದರಲ್ಲಿ ಇದರ ಪಾಲೂ ಇದ್ದಿರಬಹುದು.

ಗೆಳೆಯ ಇದಕ್ಕೂ ಒಪ್ಪಲಿಲ್ಲ. "ಉತ್ತರ ಗೊತ್ತಿಟ್ಕೊಂಡು ಲೆಕ್ಕ ಮಾಡ್ತಿದ್ದೀಯಲ್ಲೋ!" ಅಂದ. ಸರಿ, ಗೊತ್ತಿಲ್ಲದ್ದನ್ನು ನೀನೇ ಮಾಡಿ ಕೊಡು ಅಂದೆ. ಅವನು ದಪ್ಪ ಕಾಗದದಲ್ಲಿ ಮನಸ್ಸಿಗೆ ಬಂದ ಅಳತೆಯ ವಿಮಾನಗಳನ್ನು ಕತ್ತರಿಸಿದ. ಜೊತೆಗೆ 1/144 ಸ್ಕೇಲಿನ ಯುಂಕರ್ಸ್ 52 ಮತ್ತು 109 ಮಾಡೆಲ್‌ಗಳನ್ನು ಇಟ್ಟ. ಕಡು ಹಸಿರು ಬಳಿದ ಹಲಗೆ, ಮೇಲಿನಿಂದ 50 ಎಂಎಂ ಲೆನ್ಸ್, ಕಪ್ಪು-ಬಿಳುಪು ಫಿಲ್ಮ್, ಮೂರೂವರೆ ಮೀಟರ್ ಎತ್ತರ. ಆಗ ಫಿಲ್ಮ್ ಮೇಲೆ ಬೀಳುವ ಗಾತ್ರ ಆ ಯುದ್ಧಕಾಲದ ನೆಗೆಟಿವ್‌ನಷ್ಟೇ ಆಗುತ್ತದೆ. 1/72 ಮಾಡೆಲ್ ಬೇಡ, ಏಳು ಮೀಟರ್ ಮೇಲೆ ಹತ್ತಬೇಕಾಗುತ್ತದೆ.

ಮೊದಲ ಫಿಲ್ಮ್ ರೋಲ್ ಹಾಳಾಯಿತು, ಏಣಿ ಅಲುಗಾಡಿ ಎಲ್ಲ ಮಸುಕು. ಎರಡನೆಯದರಲ್ಲಿ, ನಿಜವಾದ ವಿಮಾನದ ಗಾತ್ರಕ್ಕೆ ಹಿಗ್ಗಿಸಿ ನೋಡಿದರೆ, ಬಹುತೇಕ ಎಲ್ಲವೂ ಅರ್ಧ ಅಡಿಯೊಳಗೆ ಬಂದವು. ಒಂದು ಮಾತ್ರ ಒಂದೂವರೆ ಅಡಿ ಕಮ್ಮಿ ಬಂತು. ಅದರ ರೆಕ್ಕೆ ತುದಿ ಸೂಜಿಯಂತೆ ಚೂಪಾಗಿತ್ತು, ಫಿಲ್ಮ್‌ನಲ್ಲಿ ತುದಿಯೇ ಮಾಯ. ಚೂಪು ರೆಕ್ಕೆಗೆ ನನ್ನ ಹತ್ತಿರ ಇನ್ನೂ ಮದ್ದಿಲ್ಲ. ಗೆಳೆಯ ತನ್ನ ಪಟ್ಟಿ ತೆಗೆದು ಎರಡೆರಡು ಸಲ ನೋಡಿದ, ಆಮೇಲೆ ಚಹಾ ತರಿಸಿದ.

ಅಂಚು ಎಲ್ಲಿಂದ ಶುರು ಅಂತ ಹೇಗೆ ತೀರ್ಮಾನಿಸುತ್ತೇನೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಮಾತ್ರ ಕೊಡುತ್ತೇನೆ: ಕಣ್ಣಿನಿಂದ ಅಲ್ಲ. ಇನ್ನೊಂದು ಎಚ್ಚರಿಕೆ. ಕಪ್ಪು ಬಣ್ಣದ ವಿಮಾನ ಬಿಳಿ ಕಾಂಕ್ರೀಟ್ ಮೇಲಿದ್ದರೆ ಎಲ್ಲ ಉಲ್ಟಾ, ಬೆಳಕು ಒಳಗೆ ನುಗ್ಗಿ ರೆಕ್ಕೆ ಕುಗ್ಗುತ್ತದೆ. ಹುಲ್ಲಿನ ಮೇಲಿನ ಅಳತೆಗೋಲನ್ನು ಕಾಂಕ್ರೀಟ್ ಮೇಲಿನ ವಿಮಾನಕ್ಕೆ ಹಿಡಿಯಬೇಡಿ.

ಈಗ ನೆರಳಿನ ಹಿಂದೆ ಬಿದ್ದಿದ್ದೇನೆ. ನೆರಳಿನ ಉದ್ದದಿಂದ ವಿಮಾನದ ಎತ್ತರ ಅಳೆಯಲು ಬಿಸಿಲಿನ ದಿನದ ಫೋಟೋನೇ ಬೇಕು ಅಂತ ಎಲ್ಲರೂ ಬೇಸಿಗೆಯದನ್ನು ಕೊಳ್ಳುತ್ತಾರೆ. ಪೀನಮುಂಡೆ ಇರುವುದು 54 ಡಿಗ್ರಿ ಉತ್ತರದಲ್ಲಿ. ಜೂನ್ ಮಧ್ಯಾಹ್ನ ಸೂರ್ಯ 59 ಡಿಗ್ರಿ ಮೇಲಿರುತ್ತಾನೆ. ಎರಡೂಮುಕ್ಕಾಲು ಮೀಟರ್ ಎತ್ತರದ ವಿಮಾನದ ನೆರಳು ನೆಗೆಟಿವ್‌ನಲ್ಲಿ 0.16 ಮಿಲಿಮೀಟರ್, ಏನು ಅಳೆಯುತ್ತೀರಿ? ನವೆಂಬರ್ ಕೊನೆಗೆ ಸೂರ್ಯ 15 ಡಿಗ್ರಿಗೆ ಇಳಿದಿರುತ್ತಾನೆ, ನೆರಳು ಒಂದು ಮಿಲಿಮೀಟರ್ ದಾಟುತ್ತದೆ. ಚಳಿಗಾಲದ ಮಂಕು ಫ್ರೇಮ್‌ಗಳನ್ನು ಯಾರೂ ಕೇಳುವುದಿಲ್ಲ, ಅಗ್ಗಕ್ಕೆ ಸಿಗುತ್ತವೆ. ಗೆಳೆಯನ ಹತ್ತಿರ ಅಂಥವು ಒಂದೆರಡು ಇವೆ. ನನಗೆ ಬೇಕು ಅಂತ ಗೊತ್ತಾದ ಮೇಲೆ ಬೆಲೆ ಏರಿಸಿದ್ದಾನೆ. ಚೌಕಾಸಿ ನಡೆಯುತ್ತಿದೆ.